ಕವಚಕ್ಕೆ ಎಷ್ಟು ಅಂಕ ಕೊಡಬೇಕು? ಹಲವರು ಸೇರಿ ಕಟ್ಟುವ ಸೈನ್ಸ್ ಫಿಕ್ಷನ್ ಲೋಕಕ್ಕೊಂದು ಸಮಗ್ರ ಮಾರ್ಗದರ್ಶಿ

ನಾಲ್ಕೈದು ಜನ ಸೇರಿ ಒಂದು ಸೈನ್ಸ್ ಫಿಕ್ಷನ್ ಲೋಕ ಕಟ್ಟುತ್ತಿದ್ದೀರಿ ಅಂದುಕೊಳ್ಳಿ. ಒಬ್ಬರು ಕಥೆ ಬರೆಯುತ್ತಾರೆ. ಇನ್ನೊಬ್ಬರು ಅದೇ ಲೋಕದಲ್ಲಿ ದಾಳ ಹಾಕಿ ಆಡುವ ಆಟ ನಡೆಸುತ್ತಾರೆ. ಮತ್ತೊಬ್ಬರಿಗೆ ಹಡಗು, ಆಯುಧಗಳ ಪಟ್ಟಿ ಮಾಡುವುದೆಂದರೆ ಇಷ್ಟ. ಮೊದಲನೆಯವರು ತಮ್ಮ ಸೈನಿಕರ ಕವಚಕ್ಕೆ 6 ಅಂಕ ಕೊಟ್ಟರು. ಎರಡನೆಯವರ ಸೈನಿಕರು ಇನ್ನೂ ಮುಂದುವರಿದವರು, ಹಾಗಾಗಿ ಅವರಿಗೆ 9. ಮೂರನೆಯವರ ಅನ್ಯಗ್ರಹದವರಿಗೆ 14. ಈ ಮೂವರೂ ಒಂದೇ ಕಾಳಗದಲ್ಲಿ ಎದುರಾದ ದಿನ ಮೊದಲನೆಯವರ ಬಂದೂಕಿಗೆ ಕೆಲಸವೇ ಇಲ್ಲದಂತಾಗುತ್ತದೆ. ಆ ಬಂದೂಕನ್ನು ನಂಬಿ ಬರೆದ ಹಳೇ ಕಥೆಗಳಿಗೂ ಅರ್ಥ ಉಳಿಯುವುದಿಲ್ಲ.

ಆಗ ಎಲ್ಲರೂ ಮೊದಲು ಕೈಹಾಕುವುದು ಅಂಕಿಗೆ. 14 ಜಾಸ್ತಿ ಆಯ್ತು, 11 ಮಾಡೋಣ ಅನ್ನುತ್ತಾರೆ. ಹೀಗೆ ಸುಮ್ನೆ ಅಂಕಿ ಏರಿಸಿ ಇಳಿಸಿದರೆ ಸಮಸ್ಯೆ ಬಗೆಹರಿಯುವುದಿಲ್ಲ. ಕವಚದ ರೇಟಿಂಗ್‌ಗೆ ತನ್ನಷ್ಟಕ್ಕೆ ತಾನೇ ಅರ್ಥವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಕವಚ ತೊಟ್ಟವರನ್ನು ಈ ಆಯುಧದಿಂದ ಉರುಳಿಸಲು ಎಷ್ಟು ಏಟು ಬೇಕು? ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಲೆಕ್ಕವನ್ನೇ ಹಿಡಿದು ಸಾಗುತ್ತವೆ.

ಉದಾಹರಣೆಗೆ ಅಲ್ಲಲ್ಲಿ ಬ್ಯಾಟಲ್‌ಟೆಕ್ ಆಟವನ್ನು ತೆಗೆದುಕೊಳ್ಳುತ್ತೇನೆ. 1984ರಲ್ಲಿ ಅಮೆರಿಕದ ಫಾಸಾ ಕಂಪನಿ ತಂದ ಈ ಆಟದಲ್ಲಿ ಮನುಷ್ಯರು ದೈತ್ಯ ಯಂತ್ರಗಳೊಳಗೆ ಕೂತು ಕಾದಾಡುತ್ತಾರೆ. ಈ ಯಂತ್ರಗಳಿಗೆ ಮೆಕ್ ಎಂದು ಹೆಸರು. ಈ ಲೋಕದಲ್ಲಿ ಎಷ್ಟೋ ಲೇಖಕರು ಕಾದಂಬರಿ ಬರೆದಿದ್ದಾರೆ, ಎಷ್ಟೋ ವಿನ್ಯಾಸಕರು ನಿಯಮ ಸೇರಿಸಿದ್ದಾರೆ. ನಾಲ್ಕು ದಶಕ ಕಳೆದರೂ ಅದರ ಕವಚದ ಲೆಕ್ಕ ಕುಸಿದುಬಿದ್ದಿಲ್ಲ. ಅದಕ್ಕೆ ದೊಡ್ಡ ಏಟು ಬಿದ್ದದ್ದೂ ಉಂಟು. ಎರಡರಿಂದಲೂ ಕಲಿಯುವುದಿದೆ.

ಹೆಜ್ಜೆ 1: ಅಂಕಿ ಏನು ಕೆಲಸ ಮಾಡುತ್ತದೆ ಎಂದು ತೀರ್ಮಾನಿಸಿ

"ರಕ್ಷಣೆ 8" ಎಂದು ಬರೆಯುವ ಮೊದಲು ಆ 8 ಏನು ಮಾಡುತ್ತದೆ ಎಂದು ಎಲ್ಲರೂ ಒಪ್ಪಬೇಕು. ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ.

ಮೊದಲನೆಯದು, ಏಟು ತಾಗುವುದನ್ನೇ ಕಷ್ಟ ಮಾಡುವುದು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಆರ್ಮರ್ ಕ್ಲಾಸ್ ಈ ಬಗೆಯದು. ಇಲ್ಲಿ ಕವಚ ಒಳ್ಳೆಯದಿದ್ದಷ್ಟೂ ಏಟು ತಪ್ಪುತ್ತದೆ, ಆದರೆ ತಾಗಿದ ಏಟು ಪೂರ್ತಿ ತಾಗುತ್ತದೆ. ಎರಡನೆಯದು ಕಳೆಯುವುದು: ಏಟಿನ ಬಲದಿಂದ ಕವಚದ ಅಂಕ ಕಳೆದು, ಉಳಿದದ್ದು ಮೈಗೆ. ಗರ್ಪ್ಸ್ ಆಟ ಹೀಗೆ ಮಾಡುತ್ತದೆ. ಮೂರನೆಯದು ಸವೆಯುವುದು. ಕವಚಕ್ಕೆ ಇಷ್ಟು ಅಂಕ ಎಂದಿರುತ್ತದೆ, ಪ್ರತಿ ಏಟಿಗೂ ಅದು ಕರಗುತ್ತದೆ, ಮುಗಿದ ಮೇಲೆ ಒಳಗಿನ ಮೈ. ಬ್ಯಾಟಲ್‌ಟೆಕ್ ಇದನ್ನು ನೆಚ್ಚಿಕೊಂಡಿದೆ. ನಾಲ್ಕನೆಯದು ಗೆರೆ ಎಳೆಯುವುದು: ಗುಂಡು ತೂರಿತೋ ಇಲ್ಲವೋ, ಅಷ್ಟೇ. ನಡುವೆ ಏನೂ ಇಲ್ಲ.

ನಿಜ ಜಗತ್ತಿನ ಬುಲೆಟ್‌ಪ್ರೂಫ್ ಜಾಕೆಟ್ ಹೆಚ್ಚು ಹತ್ತಿರವಿರುವುದು ನಾಲ್ಕನೆಯದಕ್ಕೆ. ಸೆರಾಮಿಕ್ ತಟ್ಟೆಯಿದ್ದರೆ ಮೂರನೆಯದರ ಗುಣವೂ ಸ್ವಲ್ಪ ಸೇರುತ್ತದೆ, ಯಾಕೆಂದರೆ ಏಟು ಬಿದ್ದ ಜಾಗದಲ್ಲಿ ಅದು ಬಿರುಕು ಬಿಡುತ್ತದೆ. ಬರೀ ಕಥೆ ಬರೆಯುವ ಗುಂಪಿಗೆ ಗೆರೆಯ ದಾರಿಯೇ ಸಾಕು ಅನ್ನುವುದು ನನ್ನ ಅನಿಸಿಕೆ. ದಾಳ ಹಾಕಿ ಆಡುವವರಿದ್ದರೆ ಕಳೆಯುವುದು ಅಥವಾ ಸವೆಯುವುದು. ಯಾವುದನ್ನಾದರೂ ಆರಿಸಿ, ಆದರೆ ಒಂದನ್ನೇ ಆರಿಸಿ. ಒಬ್ಬರ 8 ಕಳೆಯುವ 8 ಆಗಿ, ಇನ್ನೊಬ್ಬರ 8 ಸವೆಯುವ 8 ಆದರೆ ಮುಂದಿನ ಯಾವ ಲೆಕ್ಕವೂ ಕೂಡಿಬರುವುದಿಲ್ಲ.

ಹೆಜ್ಜೆ 2: ಅಂಕ ಬಿಟ್ಟು ಏಟು ಎಣಿಸಿ

ಇದನ್ನು ಕಾಗದದ ಮೇಲೆ ಮಾಡಿ ನೋಡಲೇಬೇಕು. ನಿಮ್ಮ ಲೋಕದಲ್ಲಿ ಒಬ್ಬ ಮನುಷ್ಯನಿಗೆ 14 ಜೀವ ಅಂಕ ಎಂದಿಟ್ಟುಕೊಳ್ಳಿ. ಪಿಸ್ತೂಲಿನ ಏಟಿಗೆ ಎರಡು ದಾಳ, ಸರಾಸರಿ 7. ಕವಚ ಕಳೆಯುವ ಬಗೆಯದು.

ಕವಚವೇ ಇಲ್ಲದವನು 2 ಏಟಿಗೆ ಬೀಳುತ್ತಾನೆ. ಕವಚ 3 ಇದ್ದರೆ ಒಂದು ಏಟಿನಿಂದ ಒಳಹೋಗುವುದು ಸರಾಸರಿ 4.03, ಅಂದರೆ ಮೂರೂವರೆ ಏಟು. ಕವಚ 6 ಆದರೆ ಒಳಹೋಗುವುದು 1.56, ಆಗ 9 ಏಟು. ಇಲ್ಲಿಂದ ಮುಂದೆ ನೋಡಿ. ಕವಚ 7ಕ್ಕೆ 14 ಏಟು. 8ಕ್ಕೆ 25. 9ಕ್ಕೆ 50. 10ಕ್ಕೆ 126.

ಸೊನ್ನೆಯಿಂದ 3ಕ್ಕೆ ಹೋದಾಗ ಬೇಕಾದ ಏಟು ದುಪ್ಪಟ್ಟೂ ಆಗಲಿಲ್ಲ. 7ರಿಂದ 10ಕ್ಕೆ ಹೋದಾಗ ಒಂಬತ್ತು ಪಟ್ಟಾಯಿತು. ಎರಡು ಕಡೆಯೂ ಏರಿಸಿದ್ದು ಅದೇ ಮೂರು ಅಂಕ. ಹಾಗಾಗಿ "ನನ್ನದು ಬರೀ ಒಂದಂಕ ಜಾಸ್ತಿ" ಎಂದು ಯಾರಾದರೂ ಹೇಳಿದರೆ ಎಲ್ಲಿಂದ ಎಲ್ಲಿಗೆ ಎಂದು ಕೇಳಿ. ಕವಚದ ಅಂಕ ಆಯುಧದ ಸರಾಸರಿಯನ್ನು ದಾಟಿದ ಮೇಲೆ ಪ್ರತಿ ಅಂಕವೂ ಸುಮಾರು ಇಮ್ಮಡಿ ಬೆಲೆಯದು.

ಏಟು ಎಣಿಸಿದ ಮೇಲೆ ಗುರಿ ತಪ್ಪುವುದನ್ನೂ ಸೇರಿಸಿ. ಎರಡು ದಾಳದಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಗುರಿ ತಾಗುತ್ತದೆ ಎನ್ನಿ. ಅದರ ಸಾಧ್ಯತೆ 36ರಲ್ಲಿ 15, ಸುಮಾರು ಶೇ 42. ಕವಚ 6ರವನನ್ನು ಬೀಳಿಸಲು 9 ಏಟು ಅಂದರೆ ಹೆಚ್ಚುಕಡಿಮೆ 22 ಗುಂಡು. ನಾಲ್ಕು ಜನ ಒಟ್ಟಿಗೆ ಹೊಡೆದರೆ ಐದಾರು ಸುತ್ತಿನಲ್ಲಿ ಮುಗಿಯುತ್ತದೆ. ಕವಚ 8ಕ್ಕೆ 60 ಗುಂಡು, 15 ಸುತ್ತು. ಆಡುವವರು ಅಷ್ಟು ಹೊತ್ತು ಕೂತಿರುವುದಿಲ್ಲ, ಓದುವವರಂತೂ ಇಲ್ಲವೇ ಇಲ್ಲ.

ಇದಕ್ಕೆ ಮೂರು ಪರಿಹಾರಗಳು ಬಳಕೆಯಲ್ಲಿವೆ. ಆಯುಧಕ್ಕೆ "ತೂರುವ ಅಂಕ" ಕೊಟ್ಟು, ಕವಚದಿಂದ ಮೊದಲು ಅದನ್ನು ಕಳೆಯುವುದು ಒಂದು. ದಾಳಗಳ ಸಂಖ್ಯೆ ಹೆಚ್ಚಿಸುವುದು ಇನ್ನೊಂದು. ತಾಗಿದ ಏಟಿನಿಂದ ಕನಿಷ್ಠ 1 ಅಂಕವಾದರೂ ಹೋಗಬೇಕು ಎನ್ನುವುದು ಮತ್ತೊಂದು. ಮೂರನೆಯದು ಸುಲಭ ಅನಿಸುತ್ತದೆ. ಆದರೆ ಕವಚ 10ರವನಿಗೆ ಬೇಕಿದ್ದ 126 ಏಟು ಒಮ್ಮೆಲೇ 14ಕ್ಕೆ ಇಳಿಯುತ್ತದೆ. ಭಾರೀ ಯಂತ್ರಕವಚ ತೊಟ್ಟವನು 14 ಪಿಸ್ತೂಲು ಗುಂಡಿಗೆ ಸಾಯುವ ಲೋಕ ನಿಮ್ಮದೇ? ಆಗಿದ್ದರೆ ಸರಿ. ಅಲ್ಲವಾದರೆ ತೂರುವ ಅಂಕವೇ ವಾಸಿ.

ಹೆಜ್ಜೆ 3: ಒಂದೇ ಏಟಿನ ಗೆರೆ ಎಲ್ಲಿದೆ ಹುಡುಕಿ

ಸರಾಸರಿಯಲ್ಲಿ ಕಾಣದ ಒಂದು ಅಪಾಯ ಇದೆ. ಅದಕ್ಕೆ ಬ್ಯಾಟಲ್‌ಟೆಕ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆ ಆಟದಲ್ಲಿ ಮೆಕ್‌ನ ಒಂದೊಂದು ಭಾಗಕ್ಕೂ ಬೇರೆ ಬೇರೆ ಕವಚ. ನೂರು ಟನ್ನಿನ ಅಟ್ಲಾಸ್ ಎಂಬ ಮೆಕ್ಕಿನ ಮೊದಲ ಮಾದರಿಗೆ ಒಟ್ಟು 304 ಅಂಕದ ಕವಚ. ಎದೆಯ ಮುಂಭಾಗಕ್ಕೆ 47, ಅದರೊಳಗಿನ ಚೌಕಟ್ಟಿಗೆ 31. ಆದರೆ ಚಾಲಕ ಕೂರುವ ತಲೆಗೆ 9ಕ್ಕಿಂತ ಜಾಸ್ತಿ ಕವಚ ಹಾಕುವಂತಿಲ್ಲ, ಒಳಚೌಕಟ್ಟು 3. 20 ಟನ್ನಿನ ಮೆಕ್ಕಿಗೂ ಇದೇ ಮಿತಿ. ಅಂದರೆ ಒಂದೇ ಏಟಿನಲ್ಲಿ 12 ಅಂಕ ತೆಗೆಯುವ ಆಯುಧ ತಲೆಗೆ ತಾಗಿದರೆ ಎಂಥ ಮೆಕ್ಕಾದರೂ ಮುಗಿಯಿತು.

ಮೊದಮೊದಲು ಈ 12ರ ಗೆರೆ ದಾಟುತ್ತಿದ್ದುದು ದೊಡ್ಡ ಫಿರಂಗಿ, ಎಸಿ 20. ಅದರ ಏಟು 20 ಅಂಕದ್ದು. ಆದರೆ ತೂಕ 14 ಟನ್, ಹೊಡೆತ ಹೋಗುವುದು ಆಟದ ಹಾಸಿನ 9 ಮನೆ ದೂರ ಮಾತ್ರ. ಅದಕ್ಕಾಗಿ ಶತ್ರುವಿನ ಮೂತಿಯ ಹತ್ತಿರ ಹೋಗಬೇಕಿತ್ತು. ದೂರದಿಂದ ಹೊಡೆಯುವ ಪಿಪಿಸಿ ಎಂಬ ಆಯುಧದ ಏಟು 10. ತಲೆಗೆ ತಾಗಿದರೂ ಚಾಲಕನಿಗೆ ಎರಡು ಅಂಕ ಉಳಿಯುತ್ತಿತ್ತು. ಆ ಎರಡು ಅಂಕದ ಮೇಲೆ ಎಷ್ಟೋ ಒಳ್ಳೆಯ ಆಟಗಳು ನಿಂತಿದ್ದವು.

1990ರಲ್ಲಿ ಕ್ಲಾನ್‌ಗಳು ಎಂಬ ಹೊಸ ಬಣಗಳು ಆಟಕ್ಕೆ ಬಂದವು. ಅವುಗಳ ಬಳಿ ಇದ್ದದ್ದು ಪಿಪಿಸಿಯ ಸುಧಾರಿತ ಮಾದರಿಯಾದ ಇಆರ್ ಪಿಪಿಸಿ. ಅದರ ಏಟು 15, ತೂಕ 6 ಟನ್, ದೂರ 23 ಮನೆ. 10ರಿಂದ 15ಕ್ಕೆ ಏರಿದ್ದು ಅರ್ಧದಷ್ಟು ಮಾತ್ರ. ಅಟ್ಲಾಸ್‌ನ ಎದೆಗೆ ಹೊಡೆದರೆ 78 ಅಂಕ ಮುಗಿಸಲು ಮೊದಲು 8 ಏಟು, ಈಗ 6. ಇದು ತಡೆದುಕೊಳ್ಳುವಂಥ ಬದಲಾವಣೆ. ತಲೆಯ ಲೆಕ್ಕ ಬೇರೆ. ಅಲ್ಲಿ ಎರಡು ಏಟಿನ ಸಾವು ಒಂದು ಏಟಿನ ಸಾವಾಯಿತು, ಅದೂ ಕಣ್ಣಳತೆಯ ದೂರದಿಂದ. ಎದುರಿನಿಂದ ಬಿದ್ದ ಏಟು ತಲೆಗೆ ಹೋಗುವ ಸಾಧ್ಯತೆ 36ರಲ್ಲಿ 1. ಕಡಿಮೆ ಅನಿಸುತ್ತದೆ, ಅಲ್ವಾ? ಹತ್ತು ಏಟು ತಿನ್ನುವಷ್ಟರಲ್ಲಿ ಅದು ನಾಲ್ಕರಲ್ಲಿ ಒಂದರಷ್ಟಾಗುತ್ತದೆ. ಕವಚದ ಒಂದು ಅಂಕವನ್ನೂ ಯಾರೂ ಮುಟ್ಟಿರಲಿಲ್ಲ. ಆದರೂ ಹಳೆಯ ಕವಚಗಳ ಬೆಲೆ ಬಿದ್ದುಹೋಯಿತು.

ಇದನ್ನು ತಹಬಂದಿಗೆ ತರಲು ಎರಡು ದಾರಿ ಹಿಡಿದರು. ಕಥೆಯೊಳಗೆ ಕ್ಲಾನ್ ಯೋಧರಿಗೆ ಒಂದು ಮರ್ಯಾದೆಯ ಕಟ್ಟಳೆ ಇದೆ: ಒಬ್ಬರಿಗೆ ಒಬ್ಬರಂತೆ ಹೋರಾಡಬೇಕು, ಸಾಧ್ಯವಾದಷ್ಟು ಚಿಕ್ಕ ಪಡೆಯಲ್ಲಿ ಗೆಲ್ಲುತ್ತೇನೆ ಎಂದು ಹರಾಜು ಕೂಗಿ ಕಣಕ್ಕಿಳಿಯಬೇಕು. ಆಟದೊಳಗೆ ಬ್ಯಾಟಲ್ ವ್ಯಾಲ್ಯೂ ಎಂಬ ಲೆಕ್ಕ ಬಂತು. ಪ್ರತಿ ಮೆಕ್ಕಿನ ಕವಚ, ಆಯುಧ, ವೇಗ ಎಲ್ಲ ಸೇರಿಸಿ ಒಂದು ಬೆಲೆ ಕಟ್ಟುತ್ತಾರೆ. ಎರಡೂ ಕಡೆಯ ಮೊತ್ತ ಸಮ ಇರಬೇಕು. ಆಗ ಕ್ಲಾನ್ ಕಡೆಯವರು ಕಡಿಮೆ ಮೆಕ್ ತರಬೇಕಾಗುತ್ತದೆ. ಕಥೆಯ ಕಟ್ಟಳೆ ಕಾದಂಬರಿಯಲ್ಲಿ ಚೆನ್ನಾಗಿ ದುಡಿಯುತ್ತದೆ. ಮೇಜಿನ ಸುತ್ತ ಕೂತವರಿಗೆ ಗೆಲ್ಲುವ ಆಸೆ ಇರುತ್ತದೆ, ಅಲ್ಲಿ ಬೆಲೆಯ ಲೆಕ್ಕವೇ ಬೇಕು.

ನಿಮ್ಮ ಪಟ್ಟಿಯಲ್ಲಿ ಮಾಡಬೇಕಾದ್ದು ಇಷ್ಟು. ಪ್ರತಿ ಕವಚದ ಅತಿ ದುರ್ಬಲ ಜಾಗವನ್ನು ಗುರುತಿಸಿ. ಅದನ್ನು ಒಂದೇ ಏಟಿಗೆ ಮುಗಿಸಲು ಬೇಕಾದ ಅಂಕಿಯನ್ನು ದೊಡ್ಡದಾಗಿ ಬರೆದಿಡಿ. ಹೊಸ ಆಯುಧ ಬಂದಾಗ ಅದರ ಸರಾಸರಿ ಆಮೇಲೆ ನೋಡಿ, ಅದು ಈ ಅಂಕಿ ದಾಟುತ್ತದೆಯೇ ಎಂದು ಮೊದಲು ನೋಡಿ. ದಾಟುವುದಾದರೆ ತೂಕ, ದೂರ, ಬೆಲೆ ಈ ಮೂರರಲ್ಲಿ ಒಂದಾದರೂ ಚೆನ್ನಾಗಿ ಕಚ್ಚುವಂತಿರಲಿ.

ಹೆಜ್ಜೆ 4: ನಿಜ ಜಗತ್ತಿಗೆ ಒಂದು ಕೊಂಡಿ ಹಾಕಿ

ಕಲ್ಪನೆಯ ಲೋಕವಾದರೂ ಕೆಳಗಿನ ಮೆಟ್ಟಿಲು ನಿಜವಾದದ್ದಾಗಿರಲಿ. ಆಗ ಹೊಸದಾಗಿ ಸೇರಿದವರಿಗೂ "ರಕ್ಷಣೆ 5" ಅಂದರೆ ಏನು ಎಂದು ತಟ್ಟನೆ ಹೊಳೆಯುತ್ತದೆ. ಇದಕ್ಕೆ ಸುಲಭವಾಗಿ ಸಿಗುವುದು ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್‌ನ ದರ್ಜೆಗಳು. ಭಾರತದಲ್ಲಿ ಬಿಐಎಸ್‌ನ ಐಎಸ್ 17051 ಎಂಬ ಮಾನದಂಡ 2018ರಲ್ಲಿ ಬಂದಿದೆ.

ಅಮೆರಿಕದ 2008ರ ಮಾನದಂಡದ (2023ರಲ್ಲಿ ಅದರ ಬದಲು ಹೊಸದು ಬಂದಿದೆ) ಪ್ರಕಾರ ಎರಡನೇ ದರ್ಜೆಯ ಜಾಕೆಟ್ 8 ಗ್ರಾಂ ತೂಕದ, ಸೆಕೆಂಡಿಗೆ 398 ಮೀಟರ್ ವೇಗದ 9 ಎಂಎಂ ಗುಂಡನ್ನು ತಡೆಯಬೇಕು. ಆ ಗುಂಡಿನ ಶಕ್ತಿ ಲೆಕ್ಕ ಹಾಕಿದರೆ ಸುಮಾರು 634 ಜೂಲ್. ಮೂರನೇ ದರ್ಜೆ ತಡೆಯಬೇಕಾದ್ದು 9.6 ಗ್ರಾಂನ ರೈಫಲ್ ಗುಂಡು, ವೇಗ 847 ಮೀಟರ್. ಶಕ್ತಿ ಸುಮಾರು 3,440 ಜೂಲ್. ನಾಲ್ಕನೇ ದರ್ಜೆಗೆ 10.8 ಗ್ರಾಂನ ಕವಚಭೇದಕ ಗುಂಡು, ವೇಗ 878 ಮೀಟರ್, ಶಕ್ತಿ ಸುಮಾರು 4,160 ಜೂಲ್.

ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಶಕ್ತಿಯಲ್ಲಿ ಹೆಚ್ಚಾದದ್ದು ಶೇ 20ರಷ್ಟು ಮಾತ್ರ. ಆದರೆ ನಾಲ್ಕನೇ ದರ್ಜೆಯ ಗುಂಡಿನೊಳಗೆ ಗಟ್ಟಿ ಉಕ್ಕಿನ ತಿರುಳಿದೆ. ಅದನ್ನು ಮುರಿಯಲು ಸಾಮಾನ್ಯವಾಗಿ ಸೆರಾಮಿಕ್ ತಟ್ಟೆಯೇ ಬೇಕು. ಬರೀ ಜೂಲ್ ನೋಡಿ ರೇಟಿಂಗ್ ಕೊಟ್ಟರೆ ಈ ವ್ಯತ್ಯಾಸ ಕಳೆದುಹೋಗುತ್ತದೆ. ಹೆಜ್ಜೆ 2ರಲ್ಲಿ ಹೇಳಿದ ತೂರುವ ಅಂಕ ಇರುವುದು ಇದಕ್ಕೇ. ಏಟಿನ ಬಲ ಬೇರೆ, ತೂರುವ ಶಕ್ತಿ ಬೇರೆ.

ಇನ್ನೊಂದು ವಿಷಯ. ಜಾಕೆಟ್ ಗುಂಡನ್ನು ತಡೆದರೂ ಹಿಂಬದಿಗೆ ಉಬ್ಬುತ್ತದೆ. ಪರೀಕ್ಷೆಯಲ್ಲಿ ಜಾಕೆಟ್ಟಿನ ಹಿಂದೆ ಜೇಡಿಮಣ್ಣು ಇಟ್ಟು, ಅದರಲ್ಲಿ ಬಿದ್ದ ಗುಳಿ 44 ಮಿಲಿಮೀಟರ್ ದಾಟಬಾರದು ಎಂದು ನೋಡುತ್ತಾರೆ. 44 ಮಿ.ಮೀ. ಅಂದರೆ ಪಕ್ಕೆಲುಬಿಗೆ ಒಳ್ಳೆಯ ಪೆಟ್ಟೇ. ಹಾಗಾಗಿ "ಗುಂಡು ತೂರಲಿಲ್ಲ" ಎಂದರೆ "ಏನೂ ಆಗಲಿಲ್ಲ" ಎಂದಲ್ಲ. ತೂರದ ಏಟಿಗೂ ನೋವು, ಉಸಿರು ಕಟ್ಟುವುದು, ನೆಲಕ್ಕೆ ಬೀಳುವುದು ಇವನ್ನು ಇಟ್ಟುಕೊಳ್ಳಿ. ಕಥೆ ಬರೆಯುವವರಿಗೆ ಇದು ದೊಡ್ಡ ಆಸ್ತಿ.

ಹೆಜ್ಜೆ 5: ಮನುಷ್ಯ, ವಾಹನ, ಹಡಗು ಎಲ್ಲಕ್ಕೂ ಒಂದೇ ಏಣಿ

ಬಾಹ್ಯಾಕಾಶಕ್ಕೆ ಹೋದ ಕೂಡಲೇ ಅಂಕಿಗಳು ಹುಚ್ಚೆದ್ದು ಓಡುತ್ತವೆ. ಹಡಗಿನಿಂದ ಹಾರಿಸಿದ ಒಂದು ಕೆ.ಜಿ. ತೂಕದ ಗುಂಡು ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಬಂದರೆ ಅದರ ಶಕ್ತಿ 45 ಲಕ್ಷ ಜೂಲ್. ಒಂದು ಕೆ.ಜಿ. ಟಿಎನ್‌ಟಿ ಸಿಡಿದರೆ ಹೊರಬರುವುದಕ್ಕಿಂತ ಇದು ತುಸು ಜಾಸ್ತಿಯೇ. ಪಿಸ್ತೂಲು ಗುಂಡಿಗೆ ಹೋಲಿಸಿದರೆ ಏಳು ಸಾವಿರ ಪಟ್ಟು. ಪಿಸ್ತೂಲಿಗೆ 7 ಕೊಟ್ಟವರು ಇದಕ್ಕೆ 49,000 ಕೊಡುವುದಕ್ಕಾಗುತ್ತದೆಯೇ?

ಇಲ್ಲಿ ಇಮ್ಮಡಿಯ ಏಣಿ ಚೆನ್ನಾಗಿ ಹೊಂದುತ್ತದೆ. ಪ್ರತಿ ಮೆಟ್ಟಿಲಿಗೆ ಶಕ್ತಿ ದುಪ್ಪಟ್ಟು. ಆಗ 634 ಜೂಲ್‌ನಿಂದ 45 ಲಕ್ಷ ಜೂಲ್‌ಗೆ 13 ಮೆಟ್ಟಿಲು ಸಾಕು. ಪಿಸ್ತೂಲು 1ನೇ ಮೆಟ್ಟಿಲಲ್ಲಿದ್ದರೆ ಈ ಹಡಗಿನ ಗುಂಡು 14ರಲ್ಲಿ. ಕವಚವನ್ನೂ ಅದೇ ಏಣಿಯ ಮೇಲೆ ಇಡಿ. ಆಯುಧ ಕವಚಕ್ಕಿಂತ ಎರಡು ಮೆಟ್ಟಿಲು ಕೆಳಗಿದ್ದರೆ ಏನೂ ಆಗುವುದಿಲ್ಲ, ಸಮಸಮ ಇದ್ದರೆ ಪೆಟ್ಟು, ಎರಡು ಮೆಟ್ಟಿಲು ಮೇಲಿದ್ದರೆ ನೇರ ತೂರುತ್ತದೆ ಎಂದು ಇಟ್ಟುಕೊಳ್ಳಬಹುದು. ಬರೀ ಕಥೆ ಬರೆಯುವವರಿಗೆ ಇಷ್ಟೇ ನಿಯಮ ಸಾಕು.

ಓರೆಯಾಗಿ ನಿಂತ ತಟ್ಟೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದ ಸೋವಿಯತ್ ಟಿ-34 ಟ್ಯಾಂಕಿನ ಮುಂಭಾಗದ ಉಕ್ಕು 45 ಮಿ.ಮೀ. ದಪ್ಪ. ಆದರೆ ಅದು ನೆಟ್ಟಗಿನ ಗೆರೆಯಿಂದ 60 ಡಿಗ್ರಿ ಓರೆಯಾಗಿತ್ತು. ಎದುರಿನಿಂದ ನೇರವಾಗಿ ಬಂದ ಗುಂಡು ದಾಟಬೇಕಾದ ಉಕ್ಕು 90 ಮಿ.ಮೀ. ಅಂದರೆ ಅದೇ ತಟ್ಟೆಯನ್ನು ಓರೆ ಮಾಡಿದ್ದಕ್ಕೇ ಒಂದು ಮೆಟ್ಟಿಲು ಸಿಕ್ಕಂತೆ.

ಹೆಜ್ಜೆ 6: ಯಾವುದರಿಂದ ರಕ್ಷಣೆ?

ಒಂದೇ ಅಂಕಿ ಎಲ್ಲ ಬಗೆಯ ಏಟಿಗೂ ಅನ್ವಯಿಸಿದರೆ ಎಲ್ಲರೂ ಅತಿ ದೊಡ್ಡ ಅಂಕಿಯ ಕವಚವನ್ನೇ ತೊಡುತ್ತಾರೆ. ಆಗ ಆಯ್ಕೆ ಅನ್ನುವುದೇ ಇರುವುದಿಲ್ಲ. ಕನಿಷ್ಠ ಮೂರು ಅಂಕಿ ಇರಲಿ: ಗುಂಡಿಗೆ, ಲೇಸರ್‌ಗೆ, ಸ್ಫೋಟಕ್ಕೆ. ಮೂರಕ್ಕಿಂತ ಜಾಸ್ತಿ ಮಾಡಿದರೆ ಯಾರಿಗೂ ನೆನಪಿರುವುದಿಲ್ಲ.

ಇವು ಬೇರೆ ಬೇರೆ ಯಾಕಿರಬೇಕು ಎನ್ನುವುದಕ್ಕೆ ನಿಜವಾದ ಕಾರಣಗಳಿವೆ. ಒಂದು ಕೆ.ಜಿ. ಕಬ್ಬಿಣವನ್ನು ಕೋಣೆಯ ಉಷ್ಣತೆಯಿಂದ ಆವಿ ಮಾಡಲು ಸುಮಾರು 75 ಲಕ್ಷ ಜೂಲ್ ಬೇಕು. ಒಂದು ಕೆ.ಜಿ. ಗ್ರಾಫೈಟ್ ಅನ್ನು ಆವಿ ಮಾಡಲು ಸುಮಾರು 6 ಕೋಟಿ ಜೂಲ್, ಎಂಟು ಪಟ್ಟು. ಹಾಗಾಗಿ ಗುಂಡಿಗೆ ಅಷ್ಟೇನೂ ಆಗದ ಕಾರ್ಬನ್ ಹೊದಿಕೆ ಲೇಸರ್‌ಗೆ ಬಹಳ ಗಟ್ಟಿ ಆಗಬಹುದು. ಇನ್ನು ಅತಿ ವೇಗದ ಚೂರುಗಳ ವಿಷಯ. 1940ರ ದಶಕದಲ್ಲಿ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಒಂದು ಉಪಾಯ ಸೂಚಿಸಿದರು: ದಪ್ಪ ಗೋಡೆಯ ಬದಲು, ಹೊರಗೆ ಒಂದು ತೆಳು ತಟ್ಟೆ, ನಡುವೆ ಖಾಲಿ ಜಾಗ. ವೇಗವಾಗಿ ಬಂದ ಚೂರು ತೆಳು ತಟ್ಟೆಗೆ ಬಡಿದು ಪುಡಿಪುಡಿಯಾಗಿ ಚದುರುತ್ತದೆ, ಒಳಗೋಡೆಗೆ ಹರಡಿಕೊಂಡು ತಾಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಇಂಥ ಹೊದಿಕೆಗಳೇ ಕಾಯುತ್ತಿವೆ. ಆದರೆ ನಿಧಾನವಾಗಿ ಬರುವ ದೊಡ್ಡ ಗುಂಡಿಗೆ ಆ ತೆಳು ತಟ್ಟೆ ಲೆಕ್ಕಕ್ಕಿಲ್ಲ. ಅದು ಪುಡಿಯಾಗದೆ ಹಾಗೇ ಒಳಹೋಗುತ್ತದೆ. ಒಂದು ಕವಚಕ್ಕೆ ವೇಗದ ಶತ್ರು ಸುಲಭ, ನಿಧಾನದ ಶತ್ರು ಕಷ್ಟ ಎನ್ನುವುದು ಕಥೆಗೆ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ.

ಹೆಜ್ಜೆ 7: ರಕ್ಷಣೆಗೆ ಬೆಲೆ ಕಟ್ಟಿ

ಬೆಲೆಯಿಲ್ಲದ ಕವಚವನ್ನು ಎಷ್ಟು ಲೆಕ್ಕ ಹಾಕಿದರೂ ಸರಿದೂಗಿಸಲಾಗದು. ಎಲ್ಲಕ್ಕಿಂತ ಪ್ರಾಮಾಣಿಕ ಬೆಲೆ ತೂಕ. ದೊಡ್ಡವರ ಮೈಯ ಮೇಲ್ಮೈ ಸುಮಾರು 1.8 ಚದರ ಮೀಟರ್. ಒಂದು ಚದರ ಮೀಟರ್ ಉಕ್ಕಿನ ಹಾಳೆ 1 ಮಿ.ಮೀ. ದಪ್ಪವಿದ್ದರೆ 7.85 ಕೆ.ಜಿ. ರೈಫಲ್ ಗುಂಡು ತಡೆಯುವಂತೆ 6 ಮಿ.ಮೀ. ಗಟ್ಟಿ ಉಕ್ಕು ಮೈತುಂಬ ಹೊದಿಸಿದರೆ 85 ಕೆ.ಜಿ. ಆಗುತ್ತದೆ. ಅದನ್ನು ಹೊತ್ತು ಯಾರೂ ಓಡಲಾರರು. ಅದಕ್ಕೇ ಇವತ್ತಿನ ಸೈನಿಕರಿಗೆ ಗಟ್ಟಿ ತಟ್ಟೆ ಹೆಚ್ಚಾಗಿ ಎದೆಗೆ, ಬೆನ್ನಿಗೆ ಮಾತ್ರ. ನಿಮ್ಮ ಲೋಕದಲ್ಲಿ ಮೈತುಂಬ ಕವಚ ಇದ್ದರೆ ಒಂದೋ ಹಗುರ ವಸ್ತು ಬೇಕು, ಇಲ್ಲವೇ ಹೊರುವ ಮೋಟಾರು ಬೇಕು. ಮೋಟಾರಿದ್ದರೆ ಬ್ಯಾಟರಿ, ಬ್ಯಾಟರಿ ಇದ್ದರೆ ಅದು ಮುಗಿಯುವ ಹೊತ್ತು.

ಇನ್ನೊಂದು ಬೆಲೆ ಬಿಸಿ. ಮೈಮುರಿದು ಕೆಲಸ ಮಾಡುವಾಗ ಮನುಷ್ಯನ ದೇಹ ಕೆಲವು ನೂರು ವಾಟ್ ಬಿಸಿ ಹೊರಹಾಕುತ್ತದೆ. ಗಾಳಿಯಾಡದ ಕವಚದಲ್ಲಿ ಅದು ಹೋಗಲು ಜಾಗವಿಲ್ಲ. ಗಗನಯಾನಿಗಳು ನೀರಿನ ಕೊಳವೆಗಳಿರುವ ಒಳಉಡುಪು ತೊಡುವುದು ಇದಕ್ಕೇ. ರಕ್ಷಣೆ ಹೆಚ್ಚಿದಷ್ಟೂ ತೊಟ್ಟಿರಬಹುದಾದ ಹೊತ್ತು ಕಡಿಮೆ ಎಂಬ ಒಂದೇ ನಿಯಮ ಎಷ್ಟೋ ಅತಿರೇಕಗಳನ್ನು ತಾನಾಗಿಯೇ ತಡೆಯುತ್ತದೆ.

ಬ್ಯಾಟಲ್‌ಟೆಕ್‌ನಲ್ಲಿ ಸಾಮಾನ್ಯ ಕವಚದ ಬೆಲೆ ಎಲ್ಲರಿಗೂ ಒಂದೇ: ಟನ್ನಿಗೆ 16 ಅಂಕ. ಅಟ್ಲಾಸ್‌ನ 304 ಅಂಕಕ್ಕೆ 19 ಟನ್. ಮುಂದೆ ಬಂದ ಫೆರೋ ಫೈಬ್ರಸ್ ಎಂಬ ಕವಚ ಅದೇ ತೂಕಕ್ಕೆ ಶೇ 12 ಹೆಚ್ಚು ಅಂಕ ಕೊಡುತ್ತದೆ. ಆದರೆ ಮೆಕ್ಕಿನೊಳಗಿನ 78 ಖಾನೆಗಳಲ್ಲಿ 14ನ್ನು ಅದೇ ತಿನ್ನುತ್ತದೆ. ತೂಕ ಉಳಿಸಿದರೆ ಜಾಗ ಹೋಯಿತು. ಹೊಸ ಕವಚ ತರುವಾಗ ಹೀಗೇ ಯೋಚಿಸಬೇಕು: ಒಂದು ಕಡೆ ಸಿಕ್ಕಿದ್ದಕ್ಕೆ ಇನ್ನೊಂದು ಕಡೆ ಏನು ಹೋಯಿತು?

ಹೆಜ್ಜೆ 8: ಗಡಿಕಲ್ಲು ನೆಡಿ

ಇಲ್ಲಿಯವರೆಗಿನದು ಒಬ್ಬರೇ ಮಾಡಬಹುದಾದ ಕೆಲಸ. ಇನ್ನು ಮುಂದಿನದು ಗುಂಪಿನದ್ದು.

ಮೂರು ಆಯುಧ, ಮೂರು ಕವಚ ಆರಿಸಿ. ಇವು ಹೊಲದ ಗಡಿಕಲ್ಲುಗಳ ಹಾಗೆ. ಯಾರೂ ಕದಲಿಸುವಂತಿಲ್ಲ, ಮಿಕ್ಕದ್ದನ್ನೆಲ್ಲ ಇವುಗಳಿಂದಲೇ ಅಳೆಯಬೇಕು. ಆಯುಧಗಳಿಗೆ ಪಿಸ್ತೂಲು ಎರಡು ದಾಳ, ರೈಫಲ್ ಮೂರು ದಾಳ, ಭಾರೀ ಬಂದೂಕು ಐದು ದಾಳ ಎಂದಿಟ್ಟುಕೊಳ್ಳೋಣ. ಕವಚಗಳಿಗೆ ಊರಿನವರ ದಪ್ಪ ಅಂಗಿ, ಸೈನಿಕನ ಕವಚ, ಯಂತ್ರಕವಚ. ಈ ಆರನ್ನು ಒಂದು ಚೌಕದಲ್ಲಿ ಬರೆದು ಒಂಬತ್ತು ಮನೆಗಳಲ್ಲೂ ಎಷ್ಟು ಏಟು ಎಂದು ತುಂಬಿ. ಮೊದಲು ಬರೆಯಬೇಕಾದ್ದು ನಿಮಗೆ ಬೇಕಾದ ಏಟುಗಳನ್ನು. ಅದಕ್ಕೆ ಹೊಂದುವ ಅಂಕ ಆಮೇಲೆ. ಯಂತ್ರಕವಚವನ್ನು ಭಾರೀ ಬಂದೂಕು ಎರಡು ಮೂರು ಏಟಿಗೆ ಬೀಳಿಸಬೇಕು ಎಂದು ಎಲ್ಲರೂ ಒಪ್ಪಿದ ಮೇಲೆ ಅದರ ರೇಟಿಂಗ್ ತಾನಾಗಿಯೇ ಹೊರಬರುತ್ತದೆ.

ಹೊಸ ಕವಚ ತರುವವರು ಒಂದು ಚೀಟಿ ತುಂಬಿಕೊಡಬೇಕು. ಒಂದನ್ನು ತುಂಬಿ ತೋರಿಸುತ್ತೇನೆ. ಕ್ಷುದ್ರಗ್ರಹದ ಗಣಿ ಕೆಲಸದವರ ಕವಚ. ಗುಂಡಿಗೆ 4, ಲೇಸರ್‌ಗೆ 2, ಸ್ಫೋಟಕ್ಕೆ 5. ತೂಕ 22 ಕೆ.ಜಿ. ದುರ್ಬಲ ಜಾಗ ಭುಜದ ಕೀಲು, ಅಲ್ಲಿ ರಕ್ಷಣೆ 1 ಮಾತ್ರ. ತಣಿಸುವ ನೀರು ಐದು ಗಂಟೆಗೆ ಸಾಕು. ಸಿಗುವುದು ಗಣಿ ಇರುವ ಎಲ್ಲ ನೆಲೆಗಳಲ್ಲಿ, ಸೈನ್ಯದಲ್ಲಿ ಬಳಕೆ ಇಲ್ಲ. ಪಿಸ್ತೂಲಿಗೆ ಸುಮಾರು 5 ಏಟು, ರೈಫಲ್‌ಗೆ 2 ಅಥವಾ 3. ಭಾರೀ ಬಂದೂಕಿನ ಒಂದೇ ಏಟಿಗೆ ಬೀಳುವ ಸಾಧ್ಯತೆ ಸರಿಯಾಗಿ ಅರ್ಧ. ಇಷ್ಟು ಬರೆದರೆ ಸಾಕು, ಈ ಕವಚವನ್ನು ಕಾಣದೇ ಇರುವ ಲೇಖಕರೂ ಅದನ್ನು ತಮ್ಮ ಕಥೆಯಲ್ಲಿ ಸರಿಯಾಗಿ ಬಳಸಬಹುದು. ಕೊನೆಯ ಏಟಿನ ಸಾಲುಗಳು ಖಾಲಿ ಇರುವ ಚೀಟಿಯನ್ನು ವಾಪಸ್ ಕಳಿಸಿ, ಎಷ್ಟೇ ಆಪ್ತರು ಕೊಟ್ಟಿದ್ದರೂ.

ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ. ಈ ಕವಚವನ್ನು ಅದೇ ಕಾಲದ, ಎಲ್ಲರಿಗೂ ಸಿಗುವ ಯಾವುದಾದರೂ ಆಯುಧ ಮೂರ್ನಾಲ್ಕು ಏಟಿಗೆ ಬೀಳಿಸುತ್ತದೆಯೇ? ಇದು ಬಂದ ಮೇಲೆ ಹಳೆಯ ಯಾವುದಾದರೂ ಕವಚವನ್ನು ತೊಡಲು ಕಾರಣವೇ ಇಲ್ಲದಂತಾಗುತ್ತದೆಯೇ? ಮೊದಲನೆಯದಕ್ಕೆ ಇಲ್ಲ ಎಂದರೂ, ಎರಡನೆಯದಕ್ಕೆ ಹೌದು ಎಂದರೂ ತಿದ್ದಬೇಕು. ನನ್ನ ಮಟ್ಟಿಗೆ ಎರಡನೇ ಪ್ರಶ್ನೆಯೇ ದೊಡ್ಡದು. ಹಳೆಯ ಕವಚ ಇನ್ನೊಬ್ಬರು ಪ್ರೀತಿಯಿಂದ ಕಟ್ಟಿದ್ದು. ಅದಕ್ಕೊಂದು ಜಾಗ ಉಳಿಸುವುದು ಜೊತೆಗೆ ಬರೆಯುವವರಿಗೆ ಕೊಡುವ ಮರ್ಯಾದೆ.

ಪಟ್ಟಿಯನ್ನು ನೋಡಿಕೊಳ್ಳಲು ಒಬ್ಬರಿರಲಿ, ತೀರ್ಮಾನ ಎಲ್ಲರದ್ದಿರಲಿ. ಯಾವಾಗ ಏನು ಬದಲಾಯಿತು, ಯಾಕೆ ಬದಲಾಯಿತು ಎನ್ನುವುದನ್ನು ಅದೇ ಹಾಳೆಯ ಕೆಳಗೆ ಬರೆದಿಡಿ. ವರ್ಷ ಕಳೆದ ಮೇಲೆ ಬಂದವರು "ಇದಕ್ಕೆ ಯಾಕೆ 7?" ಎಂದು ಕೇಳೇ ಕೇಳುತ್ತಾರೆ.

ಹೆಜ್ಜೆ 9: ಹಳೇ ಕಥೆಗಳನ್ನು ಹೊಸ ಲೆಕ್ಕಕ್ಕೆ ತರುವುದು

ಲೋಕ ಆಗಲೇ ಅರ್ಧ ಕಟ್ಟಿಯಾಗಿದ್ದರೆ ಅಂಕಿಯಿಂದ ಶುರು ಮಾಡಬೇಡಿ. ಕಥೆಗಳಲ್ಲಿ ಆಗಿಹೋದ ಘಟನೆಗಳಿಂದ ಶುರು ಮಾಡಿ. ಯಾರು ಯಾವ ಕವಚದಲ್ಲಿದ್ದಾಗ ಯಾವ ಆಯುಧದಿಂದ ಎಷ್ಟು ಏಟು ತಿಂದರು, ಬದುಕಿದರೇ? ಹತ್ತು ಹದಿನೈದು ಘಟನೆ ಪಟ್ಟಿ ಮಾಡಿದರೆ ಒಂದು ಮಾದರಿ ಕಾಣುತ್ತದೆ. ಹೊಸ ಅಂಕಿಗಳು ಆ ಘಟನೆಗಳನ್ನು ಸಾಧ್ಯವಾಗಿಸುವಂತಿರಬೇಕು.

ಒಂದೆರಡು ಘಟನೆ ಯಾವ ಲೆಕ್ಕಕ್ಕೂ ಬಗ್ಗುವುದಿಲ್ಲ. ಒಬ್ಬ ನಾಯಕಿ ಪಿಸ್ತೂಲಿನಿಂದ ಯಂತ್ರಕವಚದವನನ್ನು ಕೊಂದಿದ್ದಾಳೆ ಎನ್ನಿ. ಇಡೀ ಪಟ್ಟಿಯನ್ನು ಅದಕ್ಕೋಸ್ಕರ ಬದಲಿಸಬೇಡಿ, ಕಥೆಯನ್ನೂ ಅಳಿಸಬೇಡಿ. ದುರ್ಬಲ ಜಾಗದ ಸಾಲು ಇರುವುದು ಇಂಥ ಹೊತ್ತಿಗೇ. ಆ ಕವಚದ ಕತ್ತಿನ ಕೀಲು ತೆರೆದಿತ್ತು, ಅಥವಾ ತಣಿಸುವ ನೀರು ಮುಗಿದು ಅವನು ಮುಖದ ಗಾಜು ಎತ್ತಿದ್ದ ಎಂದು ಚೀಟಿಯಲ್ಲಿ ಸೇರಿಸಿ. ಮೂಲ ಬರೆದವರನ್ನು ಕೇಳಿ ಸೇರಿಸಿ. ಆ ಕೀಲಿನ ರಕ್ಷಣೆ ಎಷ್ಟು ಎಂದು ಅವರೇ ಹೇಳಲಿ. ಆ ಅಂಕಿಯನ್ನು ಚೌಕಕ್ಕೆ ಹಾಕಿ ಇನ್ನೊಮ್ಮೆ ಏಟು ಎಣಿಸಿ. ಅದೇ ಕವಚ ತೊಟ್ಟು ಮುಂದಿನ ಕಥೆಗಳಲ್ಲಿ ಬರುವ ಎಲ್ಲರಿಗೂ ಆ ಕೀಲು ಹಾಗೇ ಇರುತ್ತದೆ.